ದಿನಕ್ಕ 1,667 ಶಬ್ದದ ನೇಮ

ನವೆಂಬರ್ ಬಂತಂದ್ರ ಇಕಿ ಫೋನ್ ಎತ್ತಂಗಿಲ್ಲ ಅಂತ ನಿಮ್ಮೊಳಗ ಭಾಳ ಮಂದಿಗೆ ಸಿಟ್ಟು ಅದ, ನನಗ ಗೊತ್ತದ. ಹುಬ್ಬಳ್ಳಿ ಮೌಶಿಯವರು 'ಅಮೆರಿಕಾಕ್ಕ ಹೋಗಿ ಸೊಕ್ಕು ಬಂತು' ಅಂದದ್ದೂ ನನ್ನ ಕಿವಿಗೆ ಬಿದ್ದದ. ಸೊಕ್ಕಲ್ಲ ಮೌಶಿ, ನೇಮ. ನವೆಂಬರ್ 1ಕ್ಕ ಶುರು ಮಾಡಿ 30ರ ರಾತ್ರಿ 12ರೊಳಗ 50,000 ಶಬ್ದದ ಒಂದು ಕಾದಂಬರಿ ಬರದು ಮುಗಸೋ ನೇಮ. ಇಲ್ಲಿ ಇದಕ್ಕ ನ್ಯಾಷನಲ್ ನಾವೆಲ್ ರೈಟಿಂಗ್ ಮಂಥ್ ಅಂತ ಹೆಸರು. ಅಷ್ಟುದ್ದ ಯಾರು ಕರೀತಾರ, ಎಲ್ಲಾರೂ ನ್ಯಾನೋರೈಮೋ ಅಂತಾರ. ನಾನು ಸುಮ್ನ ನವೆಂಬರ್ ನೇಮ ಅಂತೀನಿ.

ಇದು ಹುಟ್ಟಿದ್ದು ನಾವಿರೋ ಫ್ರೀಮಾಂಟ್‌ನಿಂದ ಭಾಳ ದೂರ ಏನಿಲ್ಲ, ಇದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಂಡಿ ಮ್ಯಾಲೆ. ನಡಸತಿದ್ದ ಸಂಸ್ಥಾ 2025ರ ಮಾರ್ಚ್ 31ಕ್ಕ 'ಇನ್ನ ನಮ್ಮ ಕೈಲೆ ಆಗಂಗಿಲ್ಲ, ಮುಚ್ಚತೀವಿ' ಅಂತ ಸಾರಿಬಿಡ್ತು. ಮುಚ್ಚಿದ ಮ್ಯಾಲೆ ಅದರ ಕಥಿ ಯಾರರೆ ಕೂತು ಹೇಳಬೇಕಲಾ. ಅದಕ್ಕ ಈ ಸಲ ಅಡಗಿ ವಿಷಯ ಬಿಟ್ಟು ಇತಿಹಾಸಾ ಬರೀಲಿಕತ್ತೀನಿ. ಅಡಗಿ ನಡುವ ಬಂದ ಬರತದ, ಎಲ್ಲೂ ಹೋಗಂಗಿಲ್ಲ.

1999ರ ಜುಲೈ. ಈ ಕೊಲ್ಲಿ ಸುತ್ತಲಿನ ಊರಾಗ ಆಗ ಡಾಟ್-ಕಾಮ್ ಕಂಪನಿಗಳ ಸುಗ್ಗಿ. ಕ್ರಿಸ್ ಬೇಟಿ ಅಂತ ಇಪ್ಪತ್ತೈದರ ಆಸುಪಾಸಿನ ಹುಡುಗ, ಪತ್ರಿಕೆಗಳಿಗೆ ಬಿಡಿ ಲೇಖನ ಬರಕೊಂಡಿದ್ದಾಂವ, ತನ್ನ ಗೆಳ್ಯಾರಿಗೆಲ್ಲಾ 'ಒಂದ ತಿಂಗಳದಾಗ ಒಂದೊಂದು ಕಾದಂಬರಿ ಬರಿಯೋಣ' ಅಂದ. ಅವನೂ ಸೇರಿ 21 ಮಂದಿ ಆದ್ರು. ಸಾಹಿತ್ಯದ ಮ್ಯಾಲಿನ ಭಕ್ತಿಗೆ ಅಂತ ತಿಳೀಬ್ಯಾಡ್ರಿ. ಕಾದಂಬರಿಕಾರ ಅಂತ ಹೇಳಿಕೊಂಡ್ರ ಜೋಡಿ ಹುಡುಕೋದು ಸ್ವಲ್ಪ ಹಗುರಾದೀತು ಅನ್ನೋ ಆಶಾನೂ ಇತ್ತಂತ ಅವನ ಆಮ್ಯಾಲೆ ನಕ್ಕೋತ ಬರಕೊಂಡಾನ. ಕೆಲಸಾ ಮುಗಿಸಿ ಸಂಜಿಗೆ ಕಾಫಿ ಅಂಗಡಿಯೊಳಗ ಕಂಪ್ಯೂಟರ್ ತಗೊಂಡು ಕೂಡತಿದ್ರು, ಒಬ್ಬರ ಮುಖಾ ಒಬ್ಬರು ನೋಡಿಕೋತ ಬರೀತಿದ್ರು. 21ರಾಗ ಮುಗಿಸಿದವರು 6 ಮಂದಿ.

ಮುಗಿಸದ 15 ಮಂದಿಗೂ ಅದು ಮಜಾ ಅನಸಿತ್ತು ಅನ್ನೋದರಾಗ ಇದರ ಬೀಜ ಅದ. ಒಬ್ಬಾಕಿನ ಕೂತು ಬರಿಯೋ ಕೆಲಸಾ ಹತ್ತು ಮಂದಿ ಕೂಡಿ ಹಪ್ಪಳಾ ಒತ್ತಿದಂಗ ಆತು. ಹಪ್ಪಳದ ಹಿಟ್ಟು ಕುಟ್ಟೋ ತ್ರಾಸ ಒಬ್ಬಾಕಿಗೆ ಬಿತ್ತಂದ್ರ ಯಾರು ಮಾಡ್ಯಾರು? ಕೂಡಿ ಕೂತ್ರ ಮಾತಿನ ಮ್ಯಾಲೆ ಮುಗದು ಹೋಗತದ.

ಮರು ವರ್ಷ, 2000ದಾಗ, ಅದನ್ನ ಜುಲೈದಿಂದ ಎತ್ತಿ ನವೆಂಬರಿಗೆ ಹಾಕಿದ್ರು. ಕಾರಣ ಏನಂದ್ರ ನವೆಂಬರದಾಗ ಹವಾ ಕೆಟ್ಟಿರತದ, ಹೊರಗ ಹೋಗಲಿಕ್ಕೆ ಮನಸ್ಸಾಗಂಗಿಲ್ಲ, ಮನಿಯೊಳಗ ಕೂತು ಬರೀಬಹುದು ಅಂತ. ಇದನ್ನ ಓದಿದಾಗ ನನಗ ನಗು ಬಂತು. ನಮ್ಮ ಧಾರವಾಡದಾಗ ನವೆಂಬರ್ ಅಂದ್ರ ವರ್ಷದಾಗ ಅಗದಿ ಛಲೋ ಹವಾ. ಅಷ್ಟ ಅಲ್ಲ, ದೀಪಾವಳಿ ಒಮ್ಮೊಮ್ಮೆ ಅದರಾಗ ಬರತದ, ತುಳಸಿ ಲಗ್ನ ಬರತದ, ಗೌರಿ ಹುಣ್ಣಿವಿ ಸಕ್ಕರಿ ಆರತಿ ಬರತಾವ. ಇಲ್ಲಿಯವರಿಗೂ ನಾಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಅಂತ ದೊಡ್ಡ ಊಟ, ಬೀಗರು-ಬಿಜ್ಜರು ಎಲ್ಲಾ ಕೂಡೋ ಹಬ್ಬ. ಹವಾ ನೋಡಿ ತಿಂಗಳಾ ಆರಿಸಿದಾಂವ ಅಡಗಿಮನಿ ನೋಡಿ ಆರಿಸಿಲ್ಲ ಅಂತ ನನ್ನ ಖಾತ್ರಿ. ಆಗ ಅವಗ ಹೆಂಡ್ತಿ-ಮಕ್ಕಳ ಚಿಂತಿ ಏನಿತ್ತು.

ಆ ವರ್ಷ 140 ಮಂದಿ ಬಂದ್ರು, ಬ್ಯಾರೆ ದೇಶದವರೂ ಒಂದಿಷ್ಟು. ಮಂದಿ ಹೆಚ್ಚಾದಂಗ ತಕರಾರೂ ಹೆಚ್ಚಾದ್ವು. ಮೊದಲ ಬರದಿಟ್ಟದ್ದನ್ನ ಸೇರಸಬಹುದಾ, ಇಬ್ಬರು ಕೂಡಿ ಬರೀಬಹುದಾ ಅಂತ. ಅವಾಗ ನಿಯಮ ಹುಟ್ಟಿದ್ವು: ಕಾದಂಬರಿ ಹೊಸಾದಿರಬೇಕು, ಒಬ್ಬರ ಬರೀಬೇಕು, ವ್ಯಾಳ್ಯಾಕ್ಕ ಒಪ್ಪಸಬೇಕು. ಮುಗಿಸಿದವರು 29. ಅವರೆಲ್ಲಾರ ಶಬ್ದಾ ಬೇಟಿ ತಾನ ಕೂತು ತಪಾಸ ಮಾಡಿದ್ನಂತ. ಮುಂದಿನ ವರ್ಷ 150 ಮಂದಿ ಬಂದಾರು ಅಂದುಕೊಂಡಿದ್ದ, 5,000 ಬಂದ್ರು! ಲಗ್ನಕ್ಕ 150 ಎಲಿ ಹಾಕಿ 5,000 ಬೀಗರು ಬಾಗಲದಾಗ ನಿಂತಂಗ. ಅಲ್ಲಿಂದ ಅದು ಒಬ್ಬರ ಕೈಯಾಗ ಉಳೀಲಿಲ್ಲ. 2010ಕ್ಕ ಎರಡು ಲಕ್ಷ ದಾಟಿತು, 2022ರಾಗ ನಾಕು ಲಕ್ಷಕ್ಕೂ ಮ್ಯಾಲೆ. ನಡುವ ಅದು ಲಾಭ ಇಲ್ಲದ ಸಂಸ್ಥಾ ಆತು, ಊರೂರಿಗೆ ಸ್ವಯಂಸೇವಕರಾದ್ರು, ಗ್ರಂಥಾಲಯಗಳು ಮೇಜು ಬಿಟ್ಟುಕೊಟ್ವು. 2012ರಾಗ ಬೇಟಿ ತನ್ನ ಬರವಣಿಗಿ ಮಾಡಿಕೋತೀನಿ ಅಂತ ಹೊರಗ ಬಂದ.

ಇನ್ನ ಲೆಕ್ಕಕ್ಕ ಬರೋಣ. 50,000ಕ್ಕ 30 ದಿನ ಅಂದ್ರ ದಿನಕ್ಕ 1,667. ಅಮೆರಿಕಾದವರು ಸಾಲಿಯೊಳಗ ಓದೋ 'ದಿ ಗ್ರೇಟ್ ಗ್ಯಾಟ್ಸ್‌ಬಿ' ಕಾದಂಬರಿ ಹೆಚ್ಚು-ಕಡಿಮಿ ಅಷ್ಟ ಉದ್ದ ಅದ. ಆದ್ರ ಅದು ಇಂಗ್ಲಿಷಿನ ಲೆಕ್ಕ ನೋಡ್ರಿ. ನಾನು ಬರಿಯೋದು ಕನ್ನಡದಾಗ, ಅದೂ ಮನಿ ಕನ್ನಡದಾಗ. 'ಬರಬೇಕಾಗಿತ್ತಂತ' ಅಂತ ನಾನೊಂದು ಶಬ್ದ ಬರದೆ ಅಂತ ಇಟಗೋರಿ. ಇದನ್ನ ಇಂಗ್ಲಿಷಿನ್ಯಾಗ 'ಇಟ್ ಸೀಮ್ಸ್ ಶಿ ವಾಸ್ ಸಪೋಸ್ಡ್ ಟು ಕಮ್' ಅನಬೇಕು, ಏಳು ಶಬ್ದ. ನನ್ನ ಬಾಜೂ ಕೂತ ಬಿಳೆ ಬಾಯಾರು ಏಳು ಎಣಸೋದ್ರಾಗ ನಂದು ಒಂದ. 'ಹೇಳಿಕಳಸಬೇಕಾಗಿತ್ತಲಾ' ಅಂದ್ರಂತೂ ಅವರದೊಂದು ಪೂರಾ ಸಾಲ. ಅವರು ಶಬ್ದಾ ಹೆಚ್ಚಸಲಿಕ್ಕೆ 'ಡೋಂಟ್' ಬರಿಯೋದ ಬಿಟ್ಟು 'ಡು ನಾಟ್' ಅಂತ ಬಿಡಿಸಿ ಬರೀತಾರ, ಒಂದಕ್ಕ ಎರಡಾಗತದ ಅಂತ. ಧಾರವಾಡದವರ ಹುಟ್ಟುಗುಣನ ಮಾತು ಕೂಡಿಸಿ ನುಂಗೋದು, ನಾವು ಎಲ್ಲಿಂತ ಬಿಡಿಸೋಣ.

ಅದಕ್ಕ ನಾನು ಶಬ್ದದ ಲೆಕ್ಕ ಬಿಟ್ಟು ಪುಟದ ಲೆಕ್ಕ ಹಿಡದೆ. ಗೆರಿ ಹೊಡದ ನೋಟಬುಕ್, ದಿನಕ್ಕ 6 ಪುಟ, ತಿಂಗಳಿಗೆ 180. ನಿಯಮ ಬದಲಿಸಿದಿ ಅಂತ ಗ್ರಂಥಾಲಯದ ಮೇಜಿನ ಮ್ಯಾಲೆ ಯಾರೂ ತಕರಾರು ತಗೀಲಿಲ್ಲ. ಹಂಗ ಸ್ವಂತ ಲೆಕ್ಕ ಮಾಡಿಕೊಂಡವರಿಗೆ ಇವರು 'ಬಂಡುಕೋರರು' ಅಂತ ಪ್ರೀತಿಲೆ ಕರೀತಾರ. ನನ್ನ ಕಾದಂಬರಿ ಮಾಳಮಡ್ಡಿಯ ಒಂದು ಹಳೇ ಮನಿದು, ಅದರಾಗ ಮೂರು ಮಂದಿ ಸೊಸೆಯಂದ್ರು ಇದ್ದಾರ. ನಿಮ್ಮೊಳಗ ಯಾರೂ ಅದರಾಗ ಇಲ್ಲ, ಎದಿ ಮ್ಯಾಲೆ ಕೈ ಇಟಗೊಂಡು ಮಲಕೋರಿ.

ಈಗ ದಿನ ಹೆಂಗ ನಡೀತದ ಹೇಳತೀನಿ. ನಸೀಕಲೆ ನಾಕೂವರಿಗೆ ಏಳೋದು. ಚಹಾ ಇಟ್ಟು ಅಡಗಿಮನಿ ಮೇಜಿಗೆ ಕೂಡೋದು, ಯಾಕಂದ್ರ ಆ ದೀವಾ ಹಚ್ಚಿದ್ರ ಮಲಗೋ ಖೋಲಿಗೆ ಬೆಳಕು ಬೀಳಂಗಿಲ್ಲ. ಆರಕ್ಕ ಮೂರು ಪುಟ ಆಗಬೇಕು. ಆಮ್ಯಾಲೆ ಚಪಾತಿ, ಮಗಳ ಡಬ್ಬಿ, ಇವರ ಡಬ್ಬಿ. ಬೇಟಿಯವರ ಗುಂಪಿನ್ಯಾಗ 'ಸ್ಪ್ರಿಂಟ್' ಅಂತ ಒಂದು ಪದ್ಧತಿ ಅದ. ಹದಿನೈದು-ಇಪ್ಪತ್ತು ನಿಮಿಷಕ್ಕ ಗಡಿಯಾರ ಇಟ್ಟು ತಲಿ ಎತ್ತಲಾರದ ಬರಿಯೋದು. ನನ್ನ ಗಡಿಯಾರ ಕುಕ್ಕರ್. ಬ್ಯಾಳಿ ಮೂರು ಸೀಟಿ ಹೊಡಿಯೋದ್ರಾಗ ಅರ್ಧ ಪುಟ, ಕಡ್ಲಿ ಬೇಯಲಿಕ್ಕಿಟ್ಟ ದಿನಾ ಒಂದು ಪುಟ. ನವೆಂಬರದಾಗ ನಮ್ಮ ಮನ್ಯಾಗ ಕಡ್ಲಿ ಉಸಳಿ ಜಾಸ್ತಿ ಆಗತದ ಅಂತ ಇವರು ಅಂದಾರ, ಕಾರಣ ಅವರಿಗಿನ್ನೂ ಗೊತ್ತಿಲ್ಲ.

ಇಲ್ಲಿ ನವೆಂಬರದ ಮೊದಲನೇ ರವಿವಾರ ಗಡಿಯಾರ ಒಂದು ತಾಸು ಹಿಂದ ಸರಸತಾರ, 2007ರಿಂದ ಇದ ಪದ್ಧತಿ. ಬರಿಯೋವರೆಲ್ಲಾ ಅದನ್ನ ದೇವರು ಕೊಟ್ಟ ತಾಸು ಅಂತ ಕುಣೀತಾರ. ಮನ್ಯಾಗ ಸಣ್ಣ ಕೂಸರೆ ವಯಸ್ಸಾದವರರೆ ಇದ್ದಾಕಿ ಕುಣ್ಯಂಗಿಲ್ಲ. ಅವರ ಹೊಟ್ಟಿಗೆ ಗಡಿಯಾರ ಸರಿಸಿದ್ದು ಗೊತ್ತಾಗಂಗಿಲ್ಲ.

ಎರಡನೇ ವಾರ ಎಲ್ಲಾರಿಗೂ ಕೆಟ್ಟದ್ದು ಅಂತ ಬೇಟಿ 2004ರಾಗ ಬರದ 'ನೋ ಪ್ಲಾಟ್? ನೋ ಪ್ರಾಬ್ಲೆಮ್!' ಪುಸ್ತಕದಾಗೂ ಹೇಳ್ಯಾನ. ಮೊದಲನೇ ವಾರದ ಹುರುಪು ಇಳದಿರತದ, ಮುಕ್ತಾಯ ಕಾಣಸತಿರಂಗಿಲ್ಲ. ಆವಾಗ ಒಳಗೊಬ್ಬಾಕಿ ತಪ್ಪು ಹುಡುಕಾಕಿ ಏಳತಾಳ. 'ಇದೇನ ಸಾಲು? ಇದನ್ನ ಯಾರು ಓದ್ಯಾರು?' ಅಂತಾಳ. ಆಕೀನ್ನ ಒಂದು ತಿಂಗಳು ಖೋಲ್ಯಾಗ ಹಾಕಿ ಚಿಲಕಾ ಹಾಕಬೇಕು ಅನ್ನೋದು ಈ ನೇಮದ ಮುಖ್ಯ ಉಪದೇಶ. ನಮ್ಮಂಥ ಮನಿಯಿಂದ ಬಂದ ಹೆಣ್ಣಮಕ್ಕಳಿಗೆ ಅಕಿ ಒಬ್ಬಾಕೆನ ಇರಂಗಿಲ್ಲ ಅನ್ನೋದು ಬೇಟಿಗೆ ಗೊತ್ತಿರಲಿಕ್ಕಿಲ್ಲ. ಒಂದು ಪೂರಾ ಅರಿಷಿಣ-ಕುಂಕುಮದ ಕಾರ್ಯಕ್ರಮ ಇರತದ ಒಳಗ.

ನಿಂತ ಕಾಲ ಮ್ಯಾಲೆ ಶಬ್ದಾ ಎಣಿಸಿ ಬರಿಯೋದು ಬೇಟಿ ಹುಡುಕಿದ್ದು ಅಂತ ನಾನು ಮೊದಲ ತಿಳಕೊಂಡಿದ್ದೆ. ಓದಕೋತ ಹೋದಂಗ ಹಿಂದಿನ ಮಂದಿ ಸಿಕ್ರು. ಇಂಗ್ಲೆಂಡಿನ ಕಾದಂಬರಿಕಾರ ಆಂಥನಿ ಟ್ರೊಲಪ್, ಅಂಚೆ ಇಲಾಖೆಯ ಅಧಿಕಾರಿ. ಮುಂಜಾನೆ ಐದೂವರಿಗೆ ಕೂತು ಗಡಿಯಾರ ಮುಂದಿಟಗೊಂಡು ಕಾಲು ತಾಸಿಗೆ 250 ಶಬ್ದದಂಗ ಬರೀತಿದ್ದ, ಎಂಟೂವರಿಗೆ ಎದ್ದು ನೌಕರಿಗೆ ಹೋಗತಿದ್ದ. ಆ ವೇಗಕ್ಕ ನಮ್ಮ 1,667 ಅವಗ ಒಂದು ತಾಸು ನಲವತ್ತು ನಿಮಿಷದ ಮಾತು. ಅವನ್ನ ಎಬ್ಬಿಸಿ ಕಾಫಿ ಕೊಡಲಿಕ್ಕೆ ಒಬ್ಬ ಮುದುಕ ಆಳಿಗೆ ವರ್ಷಕ್ಕ 5 ಪೌಂಡ್ ಹೆಚ್ಚಿಗೆ ಕೊಡತಿದ್ನಂತ. ಅವ ಸತ್ತ ಮ್ಯಾಲೆ, 1883ರಾಗ, ಆತ್ಮಕಥಿ ಪ್ರಕಟ ಆಗಿ ಈ ಲೆಕ್ಕ ಎಲ್ಲಾ ಹೊರಗ ಬಂತು. 'ಇದೇನು ಕಲಾನೋ ಗಿರಣಿನೋ' ಅಂತ ದೊಡ್ಡ ಮಂದಿ ಮೂಗು ಮುರದ್ರು.

ನನಗ ಅವನಕಿಂತ ಅವನ ಅವ್ವ ಫ್ರಾನ್ಸಿಸ್ ಟ್ರೊಲಪ್ ಹೆಚ್ಚು ಸೇರಿದ್ಲು. ಈ ಬೆಳಗಿನ ರೂಢಿ ಆ ಮನ್ಯಾಗ ಮೊದಲ ಆಕಿದು. ಗಂಡನ ವಕೀಲಕಿ ನಡೀಲಿಲ್ಲ, ಹೊಲಾ ಹಿಡದು ಅದರಾಗೂ ಸಾಲ ಆತು. ಆಕಿ ಮೊದಲನೇ ಪುಸ್ತಕ 1832ರಾಗ ಬಂದಾಗ ಆಕಿಗೆ 53 ವರ್ಷ. ಅದು ಅಮೆರಿಕಾದವರ ನಡತಿ ಬಗ್ಗೆ ಬರದದ್ದು, ಇಲ್ಲಿಯವರಿಗೆ ಭಾಳ ಸಿಟ್ಟು ಬಂದಿತ್ತು. 1834ರಾಗ ಸಾಲದವರು ಮನಿ ಜಪ್ತಿಗೆ ಬಂದಾಗ ನಡೆದದ್ದನ್ನ ಆಂಥನಿ ಬರದಿಟ್ಟಾನ. ಬಾಜೂ ಮನಿ ಹೆಣ್ಣಮಕ್ಕಳು ಬೇಲಿ ಸಂದ್ಯಾಗಿಂದ ಪಿಂಗಾಣಿ ಬಶಿ, ಗ್ಲಾಸು, ಪುಸ್ತಕ ಒಂದೊಂದ ತಮ್ಮ ಮನಿಗೆ ದಾಟಿಸಿದ್ರಂತ. ಇಂಥಾ ನೆರಿಹೊರಿ ಇದ್ದಾಗ ಮನಷ್ಯಾ ಉಳೀತಾನ. ಆಮ್ಯಾಲೆ ಎಲ್ಲಾರೂ ಬೆಲ್ಜಿಯಂದ ಬ್ರೂಜ್ ಊರಿಗೆ ಹೋದ್ರು. ಅಲ್ಲಿ ಮಗ ಹೆನ್ರಿಗೆ ಕ್ಷಯ, ಗಂಡಗೂ ಜಡ್ಡು. ಆಕಿ ಹಗಲೆಲ್ಲಾ ಅವರ ಸೇವಾ ಮಾಡಿ ರಾತ್ರಿ ಕಾದಂಬರಿ ಬರೀತಿದ್ಲು. ಔಷಧದ ಬಾಟಲಿ, ಶಾಯಿ ಬಾಟಲಿ ಆಕಿ ಖೋಲ್ಯಾಗ ಬಾಜೂಬಾಜೂಕ ಇದ್ವು. ಆ ಬರವಣಿಗಿ ರೊಕ್ಕದ ಮ್ಯಾಲೆನ ಮನಿ ನಡೀತಿತ್ತು. ಮಗ ಆ ಡಿಸೆಂಬರದಾಗ ಹೋದ, ಗಂಡ ಮರು ವರ್ಷ. ಅಕಿ ಬರಕೋತನ ಹೋದ್ಲು, ನೂರಕ್ಕೂ ಹೆಚ್ಚು ಸಂಪುಟ. ಮೂಗು ಮುರಿಯೋವರು ಈ ಖೋಲಿ ಒಮ್ಮೆ ನೋಡಿ ಮುರೀಬೇಕಿತ್ತು. ವಯಸ್ಸಾದ ಮ್ಯಾಲೆ ಶುರು ಮಾಡಿದ್ಲು ಅಂತ ಆಶ್ಚರ್ಯ ಬ್ಯಾಡ, ನಮ್ಮ ಎಂ.ಕೆ. ಇಂದಿರಾ ಅವರೂ ನಲವತ್ತು ದಾಟಿದ ಮ್ಯಾಲೆನ ಕಾದಂಬರಿಗೆ ಕೈ ಹಾಕಿದ್ದು, 'ತುಂಗಭದ್ರ' ಬಂದದ್ದು 1963ರಾಗ.

ಖರೇ ಖರೇ ಒಂದು ತಿಂಗಳದಾಗ ಕಾದಂಬರಿ ಮುಗಿಸಿದವನ ಕಥಿ ರಷ್ಯಾದ್ದು. ದಾಸ್ತೊಯೆವ್‌ಸ್ಕಿ ಸಾಲದಾಗ ಮುಳುಗಿ ಸ್ಟೆಲ್ಲೊವ್‌ಸ್ಕಿ ಅನ್ನೋ ಪ್ರಕಾಶಕನ ಕೂಡ ಕರಾರ ಮಾಡಿಕೊಂಡಿದ್ದ. 1866ರ ನವೆಂಬರ್ 1ರೊಳಗ ಹೊಸಾ ಕಾದಂಬರಿ ಕೊಡದಿದ್ರ ಮುಂದಿನ 9 ವರ್ಷ ಅವ ಬರದದ್ದೆಲ್ಲಾ ಪ್ರಕಾಶಕ ಪುಗಸೆಟ್ಟೆ ಅಚ್ಚು ಹಾಕಬಹುದು! ಅಕ್ಟೋಬರ್ ಬಂದ್ರೂ ಒಂದು ಸಾಲೂ ಇಲ್ಲ, ಯಾಕಂದ್ರ 'ಅಪರಾಧ ಮತ್ತು ಶಿಕ್ಷೆ' ಆಗ ಕಂತಿನ್ಯಾಗ ಬರಲಿಕತ್ತಿತ್ತು. ಗೆಳ್ಯಾರು 'ನಾವೆಲ್ಲಾ ಒಂದೊಂದು ಅಧ್ಯಾಯ ಬರದು ಕೊಡತೀವಿ, ನೀ ಹೆಸರು ಹಾಕು' ಅಂದ್ರು. ಮಂದಿ ಬರದದ್ದಕ್ಕ ನನ್ನ ಹೆಸರು ಹಾಕಂಗಿಲ್ಲ ಅಂದ. ಕಡೀಕ ಶೀಘ್ರಲಿಪಿ ಕಲತ 20 ವರ್ಷದ ಹುಡುಗಿ ಆನ್ನಾ ಅಕ್ಟೋಬರ್ 4ಕ್ಕ ಕೆಲಸಕ್ಕ ಬಂದ್ಲು. ಮಧ್ಯಾಹ್ನ ಅವ ಹೇಳೋದು, ಇಕಿ ಬರಕೊಳ್ಳೋದು, ರಾತ್ರಿ ಮನಿಗೆ ಹೋಗಿ ಅದನ್ನೆಲ್ಲಾ ದುಂಡಗ ಬರದು ಮರುದಿನ ತರೋದು. ಆನ್ನಾ ತನ್ನ ನೆನಪಿನ ಪುಸ್ತಕದಾಗ ಒಂದು ಮಾತು ಹೇಳ್ಯಾಳ. ದಿನಾ ಬಂದ ಕೂಡಲೆ ಅವ ಕೇಳತಿದ್ದದ್ದು ನಿನ್ನೆ ಎಷ್ಟು ಹಾಳಿ ಆತು, ಒಟ್ಟು ಎಷ್ಟಾತು, ಮುಗದೀತಾ ಅಂತ. ಹಾಳಿ ಹೆಚ್ಚಾದಂಗ ಅವನ ಮುಖಾ ಅರಳತಿತ್ತು. ಜಗತ್ತಿನ ಅಷ್ಟು ದೊಡ್ಡ ಕಾದಂಬರಿಕಾರಗೂ ಧೈರ್ಯ ಕೊಟ್ಟದ್ದು ಎಣಿಕೀನ ನೋಡ್ರಿ. 26 ದಿನದಾಗ 'ಜೂಜುಕೋರ' ಮುಗೀತು. ಒಪ್ಪಸಲಿಕ್ಕೆ ಹೋದ್ರ ಪ್ರಕಾಶಕ ಬೇಕಂತ ಊರು ಬಿಟ್ಟಿದ್ದ, ಕಡೀಕ ಪೊಲೀಸ್ ಠಾಣೆಗೆ ಕೊಟ್ಟು ಪಾವತಿ ತಗೊಂಡ್ರು. ನಾಕು ತಿಂಗಳಿಗೆ ಅವರಿಬ್ಬರ ಲಗ್ನಾನೂ ಆತು.

ನನ್ನ ಹಾಳಿ ಕೇಳಾಕಿ ನಮ್ಮತ್ತಿ. 2018ರಾಗ ಆರು ತಿಂಗಳಿಗಂತ ಬಂದಿದ್ರು. ಅವರಿಗೆ ದಮ್ಮು ಇದ್ದದ್ದು ನಿಮಗ ಗೊತ್ತದ. ಮೊದಲನೇ ವಾರ ನಾನು ನಸೀಕಲೆ ಏಳೋದು ನೋಡಿ ಏನೂ ಅನಲಿಲ್ಲ. ಇದ್ಯಾವ ಹುಚ್ಚು ಅಂತಾರ ಅಂದುಕೊಂಡಿದ್ದೆ. ನಾಕನೇ ದಿನಾ ಕೇಳಿದ್ರು, 'ಎಷ್ಟು ಹಾಕೊಂಡೀದಿ?' ನಾನು 180 ಅಂದೆ. 'ದಿನಕ್ಕ ಆರು' ಅಂತ ಅವರ ಲೆಕ್ಕಾ ಹಾಕಿದ್ರು. ಹಾಕದೇನು, ಲಕ್ಷಬತ್ತಿ ಮಾಡಿದಾಕಿ. ತಮ್ಮ ಕಾಲದಾಗ ದಿನಾ ಇಷ್ಟು ಬತ್ತಿ ಅಂತ ಹೊಸದು, ಡಬ್ಬಿಯೊಳಗ ಎಣಿಸಿ ಎಣಿಸಿ ತುಂಬಿಟ್ಟು ಕಾರ್ತಿಕದಾಗ ಹಚ್ಚಿದಾಕಿ. ಆಗ ಮನ್ಯಾಗ ಅವರ ಅತ್ತಿ ಭಾಳ ಖಡಕ್, ಕೂತ ಹೆಣ್ಣಮಗಳನ್ನ ಕಂಡ್ರ ಆಗತಿರಲಿಲ್ಲ. ಆದ್ರ ಬತ್ತಿ ಹೊಸೆಯೋ ಹೊತ್ತಿಗೆ ಮಾತ್ರ ಯಾರೂ ಕರೀತಿರಲಿಲ್ಲಂತ. 'ಅದೊಂದ ತಾಸು ನಂದಿತ್ತು' ಅಂದ್ರು.

ನನಗ ಇಡೀ ಇತಿಹಾಸ ಅಲ್ಲಿ ತಿಳದಂಗಾತು. 'ನಾ ಕಾದಂಬರಿ ಬರೀತೀನಿ, ನನಗ ದಿನಾ ಎರಡು ತಾಸು ಬೇಕು' ಅಂತ ಒಬ್ಬಾಕಿ ಅಂದ್ರ ಯಾವ ಮನ್ಯಾಗೂ ಕೊಡಂಗಿಲ್ಲ, ಧಾರವಾಡದಾಗೂ ಇಲ್ಲ, ಓಕ್ಲ್ಯಾಂಡಿನ್ಯಾಗೂ ಇಲ್ಲ. ಹೊತ್ತು ಇಲ್ಲ ಅಂತಲ್ಲ. ಸುಮ್ನ ಕೇಳಿದ್ರ ಅದು ಲಹರಿ ಆಗತದ. ಸಂಖ್ಯಾ ಹಿಡದು, ತಿಥಿ ಹಿಡದು, ಇಷ್ಟಕ್ಕ ಶುರು ಇಷ್ಟಕ್ಕ ಉದ್ಯಾಪನಾ ಅಂದ್ರ ಅದು ನೇಮ, ನೇಮಕ್ಕ ಮನಿ ಮಂದಿ ಬಾಗತಾರ. ಬೇಟಿ ತಿಳದು ಮಾಡಿದ್ನೋ ತಿಳೀದ ಮಾಡಿದ್ನೋ, ಅವ ಕೊಟ್ಟದ್ದು ಕಾದಂಬರಿ ಅಲ್ಲ. ಕಾದಂಬರಿ ಬರಿಯೋದನ್ನ ಎಂದೂ ಯಾರೂ ತಡದಿರಲಿಲ್ಲ. ಅವ ಕೊಟ್ಟದ್ದು ಮನ್ಯಾಗ ಹೇಳಲಿಕ್ಕೊಂದು ಸಂಖ್ಯಾ.

ಆ ವರ್ಷ ನವೆಂಬರ್ 8ಕ್ಕ ಇಲ್ಲಿಂದ ಉತ್ತರಕ್ಕ ಪ್ಯಾರಡೈಸ್ ಅನ್ನೋ ಊರಿಗೆ ಕಾಡಬೆಂಕಿ ಬಿತ್ತು. 85 ಮಂದಿ ಸತ್ರು, ಊರಿಗೆ ಊರ ಸುಟ್ಟು ಹೋತು. ಹೊಗಿ ಅಷ್ಟು ದೂರದಿಂದ ಬಂದು ನಮ್ಮ ಕೊಲ್ಲಿ ಮ್ಯಾಲೆ ಕೂತು ಬಿಡ್ತು. ಹಗಲ ಹೊತ್ತಿನ್ಯಾಗ ಸೂರ್ಯಾ ಕುಂಕುಮದ ಬಟ್ಟಿನಂಗ ಕಾಣತಿದ್ದ. 16ನೇ ತಾರೀಖಿಗೆ ಕೊಲ್ಲಿ ಸುತ್ತಲಿನ ಎಷ್ಟೋ ಸಾಲಿಗೆ ಸೂಟಿ ಕೊಟ್ರು. ಕಿಡಕಿಗೆಲ್ಲಾ ಒದ್ದಿ ಟಾವೆಲ್ಲು ತುರುಕಿ ನಾವು ಒಳಗ. ಹವಾ ಕೆಟ್ಟಿರಬೇಕು ಅಂತ ತಿಂಗಳಾ ಆರಿಸಿದವರು ಇಂಥಾ ಹವಾ ಅಂದುಕೊಂಡಿರಲಿಲ್ಲ.

ಅತ್ತಿಗೆ ರಾತ್ರಿ ದಮ್ಮು ಏರತಿತ್ತು. ಮಲಗಿದ್ರ ಉಸಿರು ಸಿಗತಿರಲಿಲ್ಲ, ದಿಂಬು ಇಟ್ಟು ಕೂಡಸಬೇಕು, ನೆಬ್ಯುಲೈಜರ್ ಹಚ್ಚಬೇಕು. ಆ ಮಿಷಿನ್ನಿನ ಗುರ್ ಅನ್ನೋ ಸಪ್ಪಳದಾಗ ನಾನು ಬಾಜೂ ಕುರ್ಚಿ ಮ್ಯಾಲೆ. ನೋಟಬುಕ್ ತಂದಿರಲಿಲ್ಲ, ಈಗೇನು ಬರಿಯೋದು ಅಂತ. ಎರಡನೇ ರಾತ್ರಿ ಮಿಷಿನ್ ಬಂದ್ ಮಾಡಿ ಮುಖದ ಮ್ಯಾಲಿಂದ ತಗದ ಕೂಡಲೆ ಅವರ ಬಾಯಿಂದ ಬಂದ ಮೊದಲನೇ ಮಾತು, 'ಇವತ್ತ ಎಷ್ಟಾತು?' ಏನೂ ಇಲ್ಲ ಅಂದೆ. 'ಹೆಂಗೂ ಎಚ್ಚರ ಇದ್ದೀಯಲಾ, ತಾ ಇಲ್ಲೆ' ಅಂದ್ರು. ತಂದೆ. ಅವರ ಉಸಿರಾಟ ಕೇಳಕೋತ, ಅದು ಸಮ ಆದಾಗ ಒಂದೆರಡು ಸಾಲು, ಏರಿದಾಗ ಪೆನ್ನು ಇಟ್ಟು ಬೆನ್ನು ನೀವೋದು. ಫ್ರಾನ್ಸಿಸ್ ಬಾಯಾರ ಖೋಲಿ ಆವಾಗ ನೆನಪಾತು. ಡಾಕ್ಟರ್ ಒಂದು ರಾತ್ರಿ ದವಾಖಾನಿಯೊಳಗ ಇಟಗೊಂಡ್ರು, ಅಲ್ಲಿ ಬರೀ ಒಂದು ಪುಟ. 21ನೇ ತಾರೀಖಿಗೆ, ಥ್ಯಾಂಕ್ಸ್‌ಗಿವಿಂಗ್ ಹಿಂದಿನ ದಿನಾ, ಮಳಿ ಬಂತು. ಎರಡು ವಾರದ ಮ್ಯಾಲೆ ಕಿಡಕಿ ತಗದ್ವಿ. ಅತ್ತಿ ಕಿಡಕಿ ಹತ್ರ ಕೂತು ಭಾಳ ಹೊತ್ತು ಸುಮ್ನ ಉಸಿರಾಡಿದ್ರು.

ನವೆಂಬರ್ 30ರ ರಾತ್ರಿಗೆ ನಂದು 171 ಆಗಿತ್ತು. ಇಂಗ್ಲಿಷ್ ನಿಯಮದ ಪ್ರಕಾರ ಸೋತಂಗ. ಅತ್ತಿಗೆ ಹೇಳಿದೆ. 'ಲಕ್ಷಬತ್ತಿಯೊಳಗ ಒಂಬತ್ತು ಕಡಿಮಿ ಬಿದ್ರ ಏನ ಮಾಡತಾರ? ಕೂತು ಹೊಸೀತಾರ' ಅಂದ್ರು. ಡಿಸೆಂಬರ್ 2ಕ್ಕ 180 ಮುಗೀತು. ಅವರು ಸಜ್ಜಕ ಮಾಡಸಿದ್ರು. ಕಾದಂಬರಿಯೊಳಗ ಏನದ ಅಂತ ಅವತ್ತೂ ಕೇಳಲಿಲ್ಲ, ಆಮ್ಯಾಲೂ ಎಂದೂ ಕೇಳಲಿಲ್ಲ.

ಇಷ್ಟು ಬರದದ್ದೆಲ್ಲಾ ಪುಸ್ತಕ ಆಗತದೇನು ಅಂತ ಕೇಳತೀರಿ. ಆದವು ಅವ. ಸಾರಾ ಗ್ರೂಯೆನ್ ಬರದ 'ವಾಟರ್ ಫಾರ್ ಎಲಿಫಂಟ್ಸ್' ಇಂಥಾ ನವೆಂಬರದಾಗ ಹುಟ್ಟಿ 2006ರಾಗ ಪುಸ್ತಕ ಆತು, ಸಿನಿಮಾನೂ ಆತು. ಎರಿನ್ ಮಾರ್ಗನ್‌ಸ್ಟರ್ನ್ 'ದಿ ನೈಟ್ ಸರ್ಕಸ್' ಒಂದಲ್ಲ, ಹಲವು ನವೆಂಬರ್ ಹಿಡದು, ಆಮ್ಯಾಲೆ ತಿದ್ದಿ ತಿದ್ದಿ 2011ಕ್ಕ ತಂದ್ಲು. ಉಳಿದ ಲಕ್ಷಗಟ್ಟಲೆ ಕಾದಂಬರಿ ನನ್ನದರಂಗ ಕಪಾಟಿನ್ಯಾಗ ಅವ. ಹಚ್ಚಿದ ಬತ್ತಿ ಯಾರರೆ ತಿರುಗಿ ಎಣಸತಾರೇನು.

ಸಂಸ್ಥಾ ಕೆಟ್ಟದ್ದು ಹೆಂಗ ಅಂದ್ರ, 2023ರಾಗ ಅಲ್ಲಿ ಬರಿಯೋ ಸಣ್ಣ ಹುಡುಗರ ಸುರಕ್ಷತೆ ಬಗ್ಗೆ ದೂರು ಬಂದ್ವು, ಅದನ್ನ ಸರಿಯಾಗಿ ನೋಡಲಿಲ್ಲ ಅಂತ ಸ್ವಯಂಸೇವಕರು ಸಿಟ್ಟಾದ್ರು. 2024ರ ಸೆಪ್ಟೆಂಬರದಾಗ ಇನ್ನೊಂದು. ಕಂಪ್ಯೂಟರ್ ಬುದ್ಧಿ, ಎ.ಐ. ಅಂತಾರಲಾ, ಅದರ ಕೈಲೆ ಬರಸೋದನ್ನ ಪೂರಾ ಬ್ಯಾಡ ಅಂದ್ರ ಬಡವರಿಗೆ, ಅಂಗವಿಕಲರಿಗೆ ಅನ್ಯಾಯ ಮಾಡಿದಂಗ ಅನ್ನೋ ಅರ್ಥದ ಮಾತು ಸಂಸ್ಥಾದವರು ಆಡಿದ್ರು. ಸಲಹಾ ಮಂಡಳಿಯೊಳಗಿದ್ದ ಲೇಖಕರು ರಾಜೀನಾಮಿ ಕೊಟ್ರು. ರೊಕ್ಕದ ತ್ರಾಸ ಮೊದಲ ಇತ್ತು. ಆರು ತಿಂಗಳಿಗೆ ಬಾಗಲಾ.

ಬಡವರ ಹೆಸರು ಯಾಕ ತಂದ್ರೋ. ಬಡವರ ಹತ್ರ ಬ್ಯಾರೆ ಏನಿಲ್ಲದಿದ್ರೂ ನೋಟಬುಕ್ ಇರತದ. ನಮ್ಮತ್ತಿಗೆ ಫೋನಿನ್ಯಾಗ ಈ ಸುದ್ದಿ ಹೇಳಿದಾಗ ಅವರಿಗೆ ಮೊದಲ ತಿಳೀಲಿಲ್ಲ. ಮಿಷಿನ್ನ ಕಾದಂಬರಿ ಬರದು ಕೊಡತದ, ಒಂದು ತಾಸಿನ್ಯಾಗ 50,000 ಶಬ್ದ ಅಂತ ಬಿಡಿಸಿ ಹೇಳಿದೆ. 'ಹಂಗಂದ್ರ ಅಂಗಡ್ಯಾಗ ಕಟ್ಟು ಕಟ್ಟು ಬತ್ತಿ ಮಾರತಾರಲಾ, ಹಂಗ' ಅಂದ್ರು. ತಂದು ಹಚ್ಚಲಿ, ಬೆಳಕು ಬರತದ, ಆದ್ರ ಆ ಒಂದು ತಾಸು ಆಕಿದು ಆಗಲಿಲ್ಲಲಾ ಅಂತ ಅವರ ತರ್ಕ. ದಾಸ್ತೊಯೆವ್‌ಸ್ಕಿ ಗೆಳ್ಯಾರಿಗೆ ಹೇಳಿದ ಉತ್ತರಕ್ಕೂ ಇದಕ್ಕೂ ಏನೂ ಫರಕ ನನಗ ಕಾಣಂಗಿಲ್ಲ.

2025ರ ನವೆಂಬರ್ 1 ಶನಿವಾರ ಬಂದಿತ್ತು. ಸಂಸ್ಥಾ ಇಲ್ಲ, ಎಣಿಕಿ ತೋರಸೋ ಪಟ್ಟಿ ಇಲ್ಲ, ಊರ ಸ್ವಯಂಸೇವಕರಿಗೆ ಹೇಳಿಕಳಸಾವರಿಲ್ಲ. ಗ್ರಂಥಾಲಯಕ್ಕ ಸುಮ್ನ ನೋಡೋಣಂತ ಹೋದೆ. ಆ ಕಿಡಕಿ ಬಾಜೂ ಮೇಜಿಗೆ ನಾಕು ಮಂದಿ ಬಂದು ಕೂತಿದ್ರು. ನಿವೃತ್ತ ನರ್ಸ್ ಒಬ್ಬಾಕಿ, ಕಾಲೇಜು ಹುಡುಗ, ಒಬ್ಬ ಚೀನೀ ಅಜ್ಜಿ, ಮತ್ತ ಮಡಿಲಾಗ ಮಲಗಿದ ಕೂಸಿನ ಕೂಡ ಒಬ್ಬಾಕಿ, ಒಂದ ಕೈಲೆ ಟೈಪ್ ಮಾಡಲಿಕತ್ತಿದ್ಲು. ನರ್ಸ್ ತನ್ನ ಬ್ಯಾಗಿನಿಂದ ಅಡಗಿಮನಿ ಟೈಮರ್ ತಗದು ಮೇಜಿನ ನಡುವ ಇಟ್ಲು. ಇಪ್ಪತ್ತು ನಿಮಿಷಕ್ಕ ತಿರುವಿದ್ಲು.

ಈ ಸಲ ಯಾರರೆ ನನ್ನ ಕೂಡ ಹಿಡಿಯೋವರಿದ್ರ ಮೊದಲ ಫರಾಳದ ಕೆಲಸಾ ಮುಗಸ್ರಿ. ಚಕ್ಕಲಿ ಹಿಟ್ಟು ನವೆಂಬರಿಗೆ ಉಳಸ್ಕೋಬ್ಯಾಡ್ರಿ. ಎಷ್ಟು ಪುಟ ಅನ್ನೋದು ನೀವ ಠರಾಸ್ರಿ, ದಿನಕ್ಕ ಒಂದಾದ್ರೂ ಅಡ್ಡಿ ಇಲ್ಲ, ಆದ್ರ ಮನ್ಯಾಗ ಎಲ್ಲಾರಿಗೂ ಕೇಳೋಹಂಗ ಸಂಖ್ಯಾ ಹೇಳಿ ಶುರು ಮಾಡ್ರಿ. ಫೋನ್ ನಾನು ಎತ್ತಂಗಿಲ್ಲ. ಎಷ್ಟಾತು ಅನ್ನೋದಷ್ಟ ಮೆಸೇಜ್ ಹಾಕ್ರಿ.